ರಥಬೀದಿಯ ಕೂಗು

ಹಂಪಿಯ ವಿರೂಪಾಕ್ಷ ದೇವಾಲಯದ ಪೂರ್ವದಿಕ್ಕಿನ ಮಹಾಗೋಪುರದ ಬುಡದಿಂದ ಹೊರಟು, ಮಾತಂಗ ಪರ್ವತದ ಅಡಿಯಲ್ಲಿ ದೇವರಿಗೆ ಅಭಿಮುಖವಾಗಿ ಮಲಗಿರುವ ಎದುರು ಬಸವಣ್ಣನವರೆಗೆ, ಸುಮಾರು ಮುಕ್ಕಾಲು ಕಿಲೋಮೀಟರಿನಷ್ಟು ದೂರ ನೆಟ್ಟಗೆ ಚಾಚಿಕೊಂಡಿರುವ ರಥಬೀದಿಯಲ್ಲಿ ನಿಂತವನ ಮನಸ್ಸಿಗೆ ಮೊದಲು ಹಿಡಿಸುವುದು ಅದರ ವಿನ್ಯಾಸದ ಔಚಿತ್ಯ. ಎರಡು ಪಕ್ಕಗಳಲ್ಲಿಯೂ ಕಲ್ಲುಕಂಬಗಳ ಮೇಲೆ ನಿಂತ ಮಂಟಪಗಳ ಸಾಲು, ಕೆಲವೆಡೆ ಎರಡಂತಸ್ತಿನವು. ನಡುವೆ ಏನನ್ನೂ ಕಟ್ಟದೆ ಬಿಟ್ಟ ವಿಶಾಲವಾದ ಬಯಲು. ಚೈತ್ರದ ಹುಣ್ಣಿಮೆಯ ಜೋಡಿ ರಥೋತ್ಸವದಂದು ಬೆಂಡು-ಬತ್ತಾಸಿನವರೂ ಬಳೆಗಾರರೂ ಎಷ್ಟೇ ಸಂಖ್ಯೆಯಲ್ಲಿ ಬಂದು ನೆರೆದರೂ, ತೇರು ಹೊರಡುವ ಹೊತ್ತಿಗೆ ಅವರೆಲ್ಲರೂ ಅಂಚಿಗೆ ಸರಿದು ನಿಲ್ಲಲೇಬೇಕು. ವ್ಯಾಪಾರಿಗೆ ಅಂಚು, ತೇರಿಗೂ ನಡೆದುಹೋಗುವವನಿಗೂ ನಡು ಎಂಬ ವಿಂಗಡಣೆಯನ್ನು ಈ ಬೀದಿಯನ್ನು ಕಟ್ಟಿದವರು ಕಲ್ಲಿನಲ್ಲಿಯೇ ನಿಲ್ಲಿಸಿಹೋಗಿದ್ದಾರೆ. ಮಾರುವವನು ಕೊಳ್ಳುವವನನ್ನು ಕೂಗಿ ಕರೆಯುವ ಪದ್ಧತಿಯ ಇತಿಹಾಸವನ್ನು ಈ ಬೀದಿಯಿಂದ ಆರಂಭಿಸುವುದು ನನಗೆ ಯುಕ್ತವೆಂದು ತೋರಿದೆ. ಏಕೆಂದರೆ ಅಂಗೈಯ ಮೊಬೈಲಿನಲ್ಲಿ ಹಾಡು, ಪ್ರವಚನ, ಪಾಠಗಳ ನಡುವೆ ನುಗ್ಗಿಬರುವ ವಿಡಿಯೊ ಜಾಹೀರಾತುಗಳಿಂದ ಇಂದು ಜನ ಪಡುತ್ತಿರುವ ಸಂಕಟವೂ, ಅದರ ಪರಿಹಾರಕ್ಕೆಂದು ಅವರು ಕಂಡುಕೊಂಡಿರುವ ಆಡ್ ಬ್ಲಾಕರ್ ಎಂಬ ಉಪಾಯವೂ, ದಾರಿಯ ನಡುಭಾಗ ಯಾರದು ಎಂಬ ಹಳೆಯ ಪ್ರಶ್ನೆಗೇ ಸೇರಿದವು.

ವಿಜಯನಗರದ ಪೇಟೆಗಳು ಮೌನದ ಪೇಟೆಗಳಾಗಿರಲಿಲ್ಲ. ಎರಡನೆಯ ದೇವರಾಯನ ಕಾಲದಲ್ಲಿ, 1443ರಲ್ಲಿ, ಹೆರಾತಿನ ಸುಲ್ತಾನ ಶಾಹರುಖನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನು ಇಲ್ಲಿಯ ಬಜಾರುಗಳ ಉದ್ದಗಲಗಳನ್ನು ಕಂಡು ವಿಸ್ಮಿತನಾದನು. ಒಂದೊಂದು ಕಸುಬಿನವರ ಅಂಗಡಿಗಳು ಒಂದೊಂದು ಕಡೆ ಒತ್ತಾಗಿ ಸೇರಿಕೊಂಡಿದ್ದುದನ್ನೂ, ರತ್ನಪಡಿವ್ಯಾಪಾರಿಗಳು ಮಾಣಿಕ್ಯ ಮುತ್ತು ವಜ್ರಗಳನ್ನು ಬಹಿರಂಗವಾಗಿ ಹರವಿಕೊಂಡು ಮಾರುತ್ತಿದ್ದುದನ್ನೂ, ಗುಲಾಬಿ ಹೂವಿಲ್ಲದೆ ಈ ಜನಕ್ಕೆ ಬದುಕೇ ಸಾಗದೆಂಬಷ್ಟು ಹೂವಾಡಿಗರ ಸಾಲು ನೆರೆದಿದ್ದುದನ್ನೂ ಆತನು ಬರೆದಿಟ್ಟನು. ಅದೇ ದೇವರಾಯನು 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಶಾಸನವು ಆ ಬಸದಿ ಅಡಕೆ-ವೀಳೆಯದೆಲೆಗಳ ಅಂಗಡಿಬೀದಿಯಲ್ಲಿ ನಿಂತಿತೆಂದು ಹೇಳುತ್ತದೆ; ಪಾನ್ ಸುಪಾರಿ ಬಜಾರೆಂದು ಇಂದು ನಾವು ಕರೆಯುವ ಸ್ಥಳವದು. ದೇವಸ್ಥಾನವೂ ಎಲೆಯಡಕೆಯ ಅಂಗಡಿಯೂ ಒಂದೇ ಬೀದಿಯಲ್ಲಿ ನೆರೆಹೊರೆಯಾಗಿದ್ದುದರಲ್ಲಿ ಆ ಕಾಲದವರಿಗೆ ಯಾವ ಅಪಚಾರವೂ ಕಾಣಲಿಲ್ಲ. ಕೃಷ್ಣದೇವರಾಯನು ಉದಯಗಿರಿಯ ವಿಜಯದ ನೆನಪಿಗೆ 1515ರಲ್ಲಿ ಬಾಲಕೃಷ್ಣನ ಗುಡಿಯನ್ನು ಕಟ್ಟಿಸಿದಾಗಲೂ ಅದರ ಎದುರಿಗೆ ಒಂದು ಪೇಟೆ ಎದ್ದಿತು. ವಿಠ್ಠಲನಿಗೆ ಒಂದು, ಅಚ್ಯುತನ ದೇವಾಲಯಕ್ಕೆ ಇನ್ನೊಂದು. ದೇವರ ಮುಂದಿನ ಬೀದಿಯೆಂದರೆ ಪೇಟೆ ಎಂಬುದು ಇಲ್ಲಿಯ ರೂಢಿಯೇ ಆಗಿದ್ದಿತು.

ಪೋರ್ಚುಗೀಸ ಯಾತ್ರಿಕ ದೊಮಿಂಗೊ ಪಾಯೆಸನು 1520ರ ಸುಮಾರಿನಲ್ಲಿ ಕಂಡ ವಿರೂಪಾಕ್ಷನ ಬೀದಿ ಚೆಲುವಾದ ಮನೆಗಳಿಂದಲೂ, ಯಾತ್ರಿಕರು ತಂಗುವ ಮೊಗಸಾಲೆಗಳಿಂದಲೂ ಕೂಡಿದ್ದಿತು. ಅರಸನು ದರ್ಶನಕ್ಕೆ ಬಂದಾಗ ಇಳಿದುಕೊಳ್ಳುವ ಅರಮನೆಯೊಂದು ಅದೇ ಬೀದಿಯಲ್ಲಿದ್ದಿತು. ನಗರದಲ್ಲಿ ದಿನಕ್ಕೊಂದು ಭಾಗದಲ್ಲಿ ಸಂತೆ ನೆರೆಯುತ್ತಿದ್ದುದನ್ನೂ, ಸಂಜೆಯ ಸಂತೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ, ಕುದುರೆಗಳು ಮಾರಾಟವಾಗುತ್ತಿದ್ದುದನ್ನೂ ಆತನು ಹೇಳುವನು. ಆದರೆ ಆ ಸಮೃದ್ಧಿಯ ವರ್ಣನೆಯ ನಡುವೆ ಬರುವ ಒಂದು ಸಣ್ಣ ಸಂಗತಿ ನನಗೆ ಬಹು ಮುಖ್ಯವಾದುದೆಂದು ತೋರುವುದು: ಹೇರು ಹೊತ್ತ ಎತ್ತುಗಳು ಬೀದಿಗಳಲ್ಲಿ ಎಷ್ಟೊಂದು ತುಂಬಿಕೊಂಡಿರುತ್ತಿದ್ದುವೆಂದರೆ, ಅವು ದಾಟಿಹೋಗುವವರೆಗೆ ನಡೆಯುವವನು ಕಾದು ನಿಲ್ಲಬೇಕಾಗುತ್ತಿತ್ತು, ಇಲ್ಲವೆ ಬೇರೊಂದು ದಾರಿಯನ್ನು ಹಿಡಿಯಬೇಕಾಗುತ್ತಿತ್ತು. ವಾಣಿಜ್ಯವು ದಾರಿಗೆ ಅಡ್ಡ ನಿಂತ ಅನುಭವ ಹೊಸದಲ್ಲ. ಆದರೆ ಪಾಯೆಸನಿಗೆ ಬೇರೆ ದಾರಿಯೊಂದಿದ್ದಿತು; ಎತ್ತುಗಳಾದರೋ ತಮ್ಮ ಕೆಲಸದ ಮೇಲೆ ಸಾಗುತ್ತಿದ್ದುವೇ ಹೊರತು ಅವನನ್ನು ತಡೆದು ನಿಲ್ಲಿಸುವ ಉದ್ದೇಶದಿಂದ ಬಂದವಲ್ಲ.

ಸುಂಕದ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕುದುರೆಯ ವ್ಯಾಪಾರಕ್ಕಾಗಿ ಬಂದು, 1535ರ ಅನಂತರದ ವರ್ಷಗಳಲ್ಲಿ ತನ್ನ ವೃತ್ತಾಂತವನ್ನು ಬರೆದ ಫೆರ್ನಾವೊ ನುನಿಜನು, ಕೃಷ್ಣದೇವರಾಯನು ನಾಗಲಾಪುರವೆಂದು ಕಟ್ಟಿಸಿದ ಹೊಸ ಊರಿನ, ಎಂದರೆ ನಮ್ಮ ಇಂದಿನ ಹೊಸಪೇಟೆಯ ಬಾಗಿಲಿನಲ್ಲಿ, ಸರಕಿಗೆ ಮಾತ್ರವಲ್ಲದೆ ತಲೆಹೊರೆಗೂ, ಒಳಕ್ಕೆ ಬರುವ ಗಂಡಸರಿಗೂ ಹೆಂಗಸರಿಗೂ ಸುಂಕ ಬೀಳುತ್ತಿದ್ದುದನ್ನು ಗುರುತಿಸಿದ್ದಾನೆ. ಅದು ಭಾರವಾದ ಸುಂಕವೇ ಆಗಿದ್ದಿತು. ಆದರೆ ಅದನ್ನು ತೆತ್ತದ್ದು ಬಾಗಿಲಿನಲ್ಲಿ, ಒಂದು ಸಲ. ಬಾಗಿಲು ದಾಟಿ ಪೇಟೆಯೊಳಗೆ ಕಾಲಿಟ್ಟವನ ಕಣ್ಣು ಕಿವಿಗಳು ಆ ಮೇಲೆ ಅವನವೇ ಆಗಿರುತ್ತಿದ್ದುವು.

1565ರ ಜನವರಿಯ ಯುದ್ಧದ ಅನಂತರ ಪಟ್ಟಣ ಹಾಳಾಯಿತು. ವಿರೂಪಾಕ್ಷನ ಪೂಜೆ ಮಾತ್ರ ನಿಲ್ಲಲಿಲ್ಲ. ಪೂಜೆಯಿದ್ದಲ್ಲಿ ಯಾತ್ರಿಕರು, ಯಾತ್ರಿಕರಿದ್ದಲ್ಲಿ ತೆಂಗಿನಕಾಯಿ ಕರ್ಪೂರಗಳ ಅಂಗಡಿ. ಕಾಲಿನ್ ಮೆಕೆಂಜಿ 1799ರಲ್ಲಿ ಈ ಅವಶೇಷಗಳ ನಕ್ಷೆಯನ್ನು ಬರೆಯಿಸಿದ ದಿನಗಳಲ್ಲಿಯೂ, ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಕಾಗದದ ನೆಗೆಟಿವ್‌ಗಳ ಮೇಲೆ ಇವುಗಳ ಛಾಯಾಚಿತ್ರ ಹಿಡಿದ ದಿನಗಳಲ್ಲಿಯೂ ಕಲ್ಲಿನ ಸಾಲು ಕಲ್ಲಿನ ಸಾಲಾಗಿಯೇ ಉಳಿದಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಬದುಕು ಆ ಸಾಲಿನೊಳಕ್ಕೆ ಮರಳಿತು. ಕಂಬಕಂಬಗಳ ನಡುವೆ ಗೋಡೆ ಎಬ್ಬಿಸಿ, ಬಾಗಿಲು ಕೂಡಿಸಿ, ಮಂಟಪಗಳಲ್ಲಿ ಸಂಸಾರಗಳು ನೆಲೆಸಿದುವು. 1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ವಿದೇಶದ ಪ್ರವಾಸಿಗಳು ಹೆಚ್ಚಿ, ಹೋಟೆಲು, ಬಾಡಿಗೆ ಕೋಣೆ, ಸೈಕಲ್ಲಿನ ಅಂಗಡಿ, ಸಂಡೂರಿನ ಕಡೆಯ ಲಂಬಾಣಿ ಹೆಂಗಸರು ಕಸೂತಿ ಹಾಕಿದ ಚೀಲಗಳ ಅಂಗಡಿ ಇವುಗಳೆಲ್ಲ ಬೀದಿಯುದ್ದಕ್ಕೂ ಬೆಳೆದುವು. ಬಸ್ಸಿನಿಂದ ಇಳಿಯುವುದರೊಳಗೇ ಆಟೊದವರು, ಗೈಡುಗಳು, ಕೋಣೆ ತೋರಿಸುವ ಹುಡುಗರು ಸುತ್ತುಗಟ್ಟುವರೆಂಬ ದೂರು ಆಗ ಹುಟ್ಟಿತು. ಆ ದೂರಿನಲ್ಲಿ ಸತ್ಯವಿಲ್ಲದಿರಲಿಲ್ಲ. ಆದರೂ ನಾಲ್ಕು ಹೆಜ್ಜೆ ಮುಂದೆ ನಡೆದರೆ ಕೂಗು ಹಿಂದೆ ಉಳಿಯುತ್ತಿತ್ತು. ಬೇಡವೆಂದು ತಲೆಯಾಡಿಸಿದರೆ ಆ ಹುಡುಗ ಇನ್ನೊಬ್ಬನ ಕಡೆಗೆ ತಿರುಗುತ್ತಿದ್ದನು. ಕರೆಯುವವನ ಮುಖ ಕಾಣುತ್ತಿತ್ತು, ನಿರಾಕರಿಸಿದವನ ಮುಖ ಅವನಿಗೂ ಕಾಣುತ್ತಿತ್ತು. ಮನುಷ್ಯರ ನಡುವಿನ ದಾಕ್ಷಿಣ್ಯವೆಂಬುದು ಅಷ್ಟರಮಟ್ಟಿಗೆ ಕೆಲಸಮಾಡುತ್ತಲೇ ಇದ್ದಿತು.

ಕೂಗು ಬೀದಿಯನ್ನು ಬಿಟ್ಟು ಮನೆಯೊಳಕ್ಕೆ ಬಂದ ಕಥೆ ಬೇರೆ. ಡಂಗುರ ಸಾರುವವನು ಓಣಿಯ ತಿರುವಿನಲ್ಲಿ ನಿಂತು ಸುದ್ದಿ ಹೇಳಿ ಮುಂದಿನ ಓಣಿಗೆ ಹೋಗುತ್ತಿದ್ದನು. ಟೂರಿಂಗ್ ಟಾಕೀಸಿನವರ ಟಾಂಗಾ ಎರಡೂ ಮಗ್ಗುಲಿಗೆ ಬಣ್ಣದ ಚಿತ್ರವನ್ನು ಕಟ್ಟಿಕೊಂಡು, ಮೈಕಿನಲ್ಲಿ ಆಟದ ಹೆಸರನ್ನು ಕೂಗುತ್ತಾ, ಕರಪತ್ರಗಳನ್ನು ತೂರುತ್ತಾ ಹೋದರೆ ಮಕ್ಕಳು ಅದರ ಹಿಂದೆ ಓಡುತ್ತಿದ್ದರು. ಆ ಜಾಹೀರಾತು ಊರಿಗೆ ಒಂದು ಹಬ್ಬವೇ ಆಗಿದ್ದಿತು. ಕನ್ನಡದ ಮೊದಲ ವೃತ್ತಪತ್ರಿಕೆ, 1843ರ ಮಂಗಳೂರ ಸಮಾಚಾರ, ಮರುವರ್ಷ ನಮ್ಮ ಬಳ್ಳಾರಿಗೇ ಬಂದು ಕನ್ನಡ ಸಮಾಚಾರವಾಯಿತು. ಆ ಪರಂಪರೆಯ ಪತ್ರಿಕೆಗಳಲ್ಲಿ ಮುಂದೆ ಜಾಹೀರಾತು ಬೆಳೆದಾಗಲೂ ಓದುವವನ ಬೆರಳು ಸ್ವತಂತ್ರವಾಗಿಯೇ ಉಳಿಯಿತು, ಪುಟ ತಿರುವಿದರೆ ಮುಗಿಯಿತು. ಅಡ್ಡಿಯ ಬೀಜ ಬಿದ್ದುದು ರೇಡಿಯೊದಲ್ಲಿ. ಏಕೆಂದರೆ ಕಾಲದಲ್ಲಿ ಹರಿಯುವ ಮಾತಿಗೆ ಅಂಚೆಂಬುದಿಲ್ಲ, ಅಲ್ಲಿ ಮಾರುವವನು ನಿಲ್ಲಬೇಕಾದರೆ ನಡುವೆಯೇ ನಿಲ್ಲಬೇಕು. 1952ರಿಂದ ರೇಡಿಯೊ ಸಿಲೋನಿನ ಬಿನಾಕಾ ಗೀತಮಾಲಾ ಹಲ್ಲುಜ್ಜುವ ಪೇಸ್ಟಿನ ಹೆಸರನ್ನು ಹಾಡುಗಳೊಡನೆ ಮನೆಮನೆಗೆ ತಂದಿತು. 1967ರಲ್ಲಿ ವಿವಿಧಭಾರತಿಯೂ, 1976ರ ಜನವರಿ 1ರಂದು ದೂರದರ್ಶನವೂ ಜಾಹೀರಾತಿಗೆ ಬಾಗಿಲು ತೆರೆದುವು. ಇಷ್ಟಾದರೂ ಸರ್ಕಾರವು ಒಂದು ಗೆರೆಯನ್ನು ಎಳೆಯಿತು: 1994ರ ಕೇಬಲ್ ಟೆಲಿವಿಷನ್ ನಿಯಮಗಳಿಗೆ ತರುವಾಯ ಸೇರಿದ ಉಪಬಂಧದಂತೆ ಗಂಟೆಯೊಂದಕ್ಕೆ ಜಾಹೀರಾತು 12 ನಿಮಿಷವನ್ನು ಮೀರಕೂಡದು. ಚಾನೆಲ್ಲುಗಳು ಆ ನಿಯಮವನ್ನು ಎಷ್ಟರಮಟ್ಟಿಗೆ ಪಾಲಿಸಿದುವೆಂಬುದು ಬೇರೆ ವಿಚಾರ. ಗೆರೆಯೊಂದು ಬೇಕೆಂಬ ವಿವೇಕವಂತೂ ಇದ್ದಿತು.

ಆ 12 ನಿಮಿಷದ ಗೆರೆ ಅಂತರಜಾಲದ ವಿಡಿಯೊಗೆ ಅನ್ವಯಿಸದು. 1994ರ ಅಕ್ಟೋಬರಿನಲ್ಲಿ ಅಮೆರಿಕದ ಹಾಟ್‌ವೈರ್ಡ್ ಎಂಬ ತಾಣದ ನೆತ್ತಿಯ ಮೇಲೆ ಮೊದಲ ಪಟ್ಟಿಜಾಹೀರಾತು ಕಾಣಿಸಿಕೊಂಡಾಗ ಅದೂ ಅಂಚಿನಲ್ಲಿಯೇ ಇದ್ದಿತು. ಅದೇ ದಶಕದಲ್ಲಿ ಟ್ರೈಪಾಡ್ ಸಂಸ್ಥೆಯಲ್ಲಿದ್ದ ಈಥನ್ ಜುಕರ್‌ಮನ್ ತಾನಾಗಿ ತೆರೆದುಕೊಳ್ಳುವ ಜಾಹೀರಾತು ಕಿಟಕಿಯ ಸೂತ್ರವನ್ನು ಬರೆದನು. 2014ರಲ್ಲಿ ಆತನು ಅದಕ್ಕಾಗಿ ಲೋಕದ ಕ್ಷಮೆಯನ್ನು ಬೇಡಿದನು. 2006ರಲ್ಲಿ ಗೂಗಲ್ ಕೊಂಡುಕೊಂಡ ಯೂಟ್ಯೂಬ್ 2007ರಲ್ಲಿ ವಿಡಿಯೊದ ಕೆಳಭಾಗದಲ್ಲಿ ಅರೆಪಾರದರ್ಶಕವಾದ ಜಾಹೀರಾತು ಪಟ್ಟಿಯನ್ನು ತೂಗುಬಿಟ್ಟಿತು. 2010ರ ಕೊನೆಯಲ್ಲಿ, ಐದು ಸೆಕೆಂಡು ಕಾದ ಮೇಲೆ ದಾಟಿಹೋಗಬಹುದಾದ ಜಾಹೀರಾತನ್ನು ವಿಡಿಯೊದ ಮುಂದೆ ತಂದು ನಿಲ್ಲಿಸಿತು. ದಾಟಲಾಗದ ಹದಿನೈದು ಸೆಕೆಂಡಿನವೂ ಇದ್ದುವು; ಅನಂತರ ಜಾಹೀರಾತುಗಳು ಒಂದರ ಬೆನ್ನಿಗೆ ಇನ್ನೊಂದರಂತೆ ಜೋಡಿಯಾಗಿ ಬಂದುವು. ವಿಡಿಯೊದ ಮಧ್ಯದಲ್ಲಿ ಜಾಹೀರಾತು ಸೇರಿಸಬೇಕಾದರೆ ಅದು ಹತ್ತು ನಿಮಿಷದ್ದಾಗಿರಬೇಕೆಂಬ ನಿಯಮವನ್ನು 2020ರ ಜುಲೈಯಲ್ಲಿ ಎಂಟು ನಿಮಿಷಕ್ಕೆ ಇಳಿಸಲಾಯಿತು. ಅದೇ ವರ್ಷದ ನವೆಂಬರಿನಿಂದ, ಆದಾಯದಲ್ಲಿ ಪಾಲು ಪಡೆಯದ ಸಣ್ಣಪುಟ್ಟವರ ವಿಡಿಯೊಗಳ ಮೇಲೆಯೂ ಜಾಹೀರಾತು ಹಾಕುವ ಹಕ್ಕನ್ನು ಕಂಪನಿ ತನಗೆ ತಾನೇ ಕೊಟ್ಟುಕೊಂಡಿತು. ಅಂಚಿನಲ್ಲಿದ್ದ ಅಂಗಡಿ ಹೀಗೆ ಹೆಜ್ಜೆಹೆಜ್ಜೆಯಾಗಿ ರಥಬೀದಿಯ ನಡುವಿಗೆ ಸರಿದು ಬಂದಿತು.

ಹೊಸಪೇಟೆಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಕಂಪ್ಲಿಯ ಬಸ್ಸಿಗೆ ಕಾಯುತ್ತಾ, ಮೊಮ್ಮಗಳ ಮೊಬೈಲಿನಲ್ಲಿ ಬಯಲಾಟವೊಂದನ್ನು ನೋಡುತ್ತಿದ್ದ ವೃದ್ಧರೊಬ್ಬರನ್ನು ನಾನು ಕಂಡಿದ್ದೇನೆ. ದುಶ್ಶಾಸನನ ಮೇಲೆ ಭೀಮನು ಗದೆಯೆತ್ತಿ ಪಂಥದ ಮಾತನ್ನು ಆರಂಭಿಸಿದ್ದನು; ವೃದ್ಧರ ತುಟಿಗಳು ಆ ಮಾತಿನೊಡನೆಯೇ ಆಡುತ್ತಿದ್ದುವು. ಮಾತು ಅರ್ಧಕ್ಕೆ ಕತ್ತರಿಸಿಹೋಗಿ, ಕ್ಷಣಮಾತ್ರದಲ್ಲಿ ಸಾಲ ಕೊಡುವುದಾಗಿ ಹೇಳುವ ಯುವಕನೊಬ್ಬನು ಇಮ್ಮಡಿ ಧ್ವನಿಯಲ್ಲಿ ಕೂಗತೊಡಗಿದನು. ವೃದ್ಧರು ಮೊಬೈಲನ್ನು ಮುಖದಿಂದ ದೂರ ಹಿಡಿದರು. ಅದನ್ನು ಕೆಡಿಸಿದವರು ತಾವೇ ಏನೋ ಎಂಬಂತೆ ಮೊಮ್ಮಗಳ ಕಡೆಗೆ ನೋಡಿದರು. “ತಾತಾ, ಇಲ್ಲಿ ಒತ್ತಬೇಕು ನೋಡು” ಎಂದು ಅವಳು ಮೂಲೆಯಲ್ಲಿ, ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದ ಗುಂಡಿಯನ್ನು ಮುಟ್ಟಿ ತೋರಿಸಿದಳು. ಭೀಮನು ಮರಳಿ ಬಂದಾಗ ಅವನ ಪಂಥದ ಬಿಸಿ ಆರಿಹೋಗಿತ್ತು. ಬಯಲಾಟಕ್ಕೆ ಅಡ್ಡಿಯೆಂಬುದು ಅಪರಿಚಿತವಲ್ಲ. ಬೆಳತನಕ ನಡೆಯುವ ಆಟದ ನಡುನಡುವೆ ನೆಂಟರು ಬಂದು ಪಾತ್ರಧಾರಿಗೆ ಆಯೇರಿ ಮಾಡುವರು, ಅವರ ಹೆಸರನ್ನು ಮೈಕಿನಲ್ಲಿ ಹೇಳುವರು, ಆಟ ಅಷ್ಟು ಹೊತ್ತು ನಿಲ್ಲುವುದು. ಆದರೆ ಆ ಅಡ್ಡಿಗೆ ಊರಿನ ಒಪ್ಪಿಗೆಯಿದೆ, ಪಾತ್ರಧಾರಿಯ ಮಾನವೂ ಅದರಿಂದ ಹೆಚ್ಚುವುದು, ಭಾಗವತರು ಸಂಧಿ ನೋಡಿಯೇ ಅದಕ್ಕೆ ಅವಕಾಶ ಕೊಡುವರು. ಯಂತ್ರಕ್ಕೆ ಸಂಧಿಯೆಂದರೇನೆಂಬುದು ತಿಳಿಯದು. ವಾಕ್ಯದ ನಡುವೆಯಾದರೂ ಅದು ಬಂದೇ ಬರುವುದು.

ಜನ ಇದಕ್ಕೆ ಪ್ರತಿಯಾಗಿ ಏನನ್ನೂ ಮಾಡದೆ ಕುಳಿತಿರಲಿಲ್ಲ. ಡೆನ್ಮಾರ್ಕಿನ ವಿದ್ಯಾರ್ಥಿ ಹೆನ್ರಿಕ್ ಸೊರೆನ್‌ಸೆನ್ 2002ರಲ್ಲಿ ಆಡ್‌ಬ್ಲಾಕ್ ಎಂಬ ಪುಟ್ಟ ತಂತ್ರಾಂಶವನ್ನು ಬರೆದನು. 2006ರಲ್ಲಿ ವ್ಲಾಡಿಮಿರ್ ಪಲಾಂತ್ ಅದನ್ನು ಹೊಸದಾಗಿ ರಚಿಸಿ ಆಡ್‌ಬ್ಲಾಕ್ ಪ್ಲಸ್ ಎಂದು ಹೊರತಂದನು. 2014ರಲ್ಲಿ ರೇಮಂಡ್ ಹಿಲ್ ಬರೆದ ಯೂಬ್ಲಾಕ್ ಒರಿಜಿನ್, ಕರ್ತೃವು ಯಾರಿಂದಲೂ ದೇಣಿಗೆಯನ್ನು ಕೂಡ ಮುಟ್ಟದಿರುವ ಕಾರಣದಿಂದ ವಿಶೇಷ ಗೌರವಕ್ಕೆ ಪಾತ್ರವಾಗಿದೆ. ಇವು ಕೆಲಸಮಾಡುವ ರೀತಿ ಸರಳವಾದುದು. ಜಾಹೀರಾತುಗಳು ಎಲ್ಲೆಲ್ಲಿಂದ ಬರುವುವೋ ಆ ವಿಳಾಸಗಳನ್ನು ಸ್ವಯಂಸೇವಕರು ಪಟ್ಟಿಮಾಡಿ ಇಡುವರು, 2005ರಿಂದ ನಡೆದುಬಂದ ಈಜಿಲಿಸ್ಟ್ ಅಂಥ ಪಟ್ಟಿಗಳಲ್ಲಿ ಪ್ರಸಿದ್ಧವಾದುದು. ಬ್ರೌಸರು ಪುಟವೊಂದನ್ನು ತೆರೆಯುವಾಗ ಆ ಪಟ್ಟಿಯಲ್ಲಿರುವ ವಿಳಾಸಕ್ಕೆ ಕರೆ ಹೋಗುವುದನ್ನೇ ತಡೆದರೆ, ಜಾಹೀರಾತು ಹೊರಡುವುದೇ ಇಲ್ಲ, ಅದರ ಜೊತೆಗೆ ನೋಡುಗನ ಚಲನವಲನಗಳನ್ನು ಗುರುತುಹಾಕಿಕೊಳ್ಳುವ ಗೂಢಚಾರಿಕೆಯೂ ನಿಲ್ಲುವುದು. ಇದನ್ನು ಕಳ್ಳತನವೆಂದು ಕರೆದವರೂ ಉಂಟು. ಆದರೆ ಜರ್ಮನಿಯ ಸರ್ವೋಚ್ಚ ನ್ಯಾಯಸ್ಥಾನವು 2018ರಲ್ಲಿ, ಪತ್ರಿಕಾ ಸಂಸ್ಥೆಯೊಂದು ಹೂಡಿದ ವ್ಯಾಜ್ಯದಲ್ಲಿ, ಆಡ್ ಬ್ಲಾಕರ್ ಒದಗಿಸುವುದು ಅನುಚಿತ ಸ್ಪರ್ಧೆಯಾಗದೆಂದು ತೀರ್ಪಿತ್ತಿತು. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರಿನಲ್ಲಿ, ಹುಡುಕುತಾಣಗಳ ಜಾಹೀರಾತಿನ ವೇಷದಲ್ಲಿ ಬರುವ ವಂಚಕರಿಂದ ಪಾರಾಗಲು ಅಂಥ ತಂತ್ರಾಂಶವನ್ನು ಬಳಸಬೇಕೆಂದು ತಾನೇ ಜನಕ್ಕೆ ಬುದ್ಧಿ ಹೇಳಿತು. ತನ್ನ ಮನೆಯ ಕಿಟಕಿಯನ್ನು ಮುಚ್ಚಿಕೊಳ್ಳುವ ಅಧಿಕಾರ ಮನೆಯವನಿಗಿದೆಯೆಂಬುದರಲ್ಲಿ ನನಗೆ ಲೇಶವೂ ಸಂಶಯವಿಲ್ಲ.

ಇದರಿಂದ ಹೋರಾಟ ಮುಗಿಯಲಿಲ್ಲ, ತೀವ್ರವಾಯಿತು. 2023ರಲ್ಲಿ ಯೂಟ್ಯೂಬ್ ಆಡ್ ಬ್ಲಾಕರ್ ಇಟ್ಟುಕೊಂಡವರಿಗೆ, ಇನ್ನು ಮೂರು ವಿಡಿಯೊಗಳಾದ ಮೇಲೆ ತೆರೆ ಮುಚ್ಚಬಹುದೆಂದು ಎಚ್ಚರಿಕೆ ಕೊಡತೊಡಗಿತು. ಕ್ರೋಮ್ ಬ್ರೌಸರಿನ ನಿಯಮಗಳನ್ನು ಬದಲಿಸಿದ್ದರಿಂದ ಯೂಬ್ಲಾಕ್ ಒರಿಜಿನ್ ಅದರಲ್ಲಿ ಕೆಲಸಮಾಡದಂತಾಯಿತು. ಜಾಹೀರಾತನ್ನು ಬೇರೆ ವಿಳಾಸದಿಂದ ತರುವುದರ ಬದಲು ವಿಡಿಯೊದ ನೇಯ್ಗೆಯೊಳಗೇ ಹೊಲಿದು ಕಳುಹಿಸುವ ಪ್ರಯೋಗವೂ 2024ರಲ್ಲಿ ಕಾಣಿಸಿತು. ಮೇಲಾಗಿ, ಬ್ರೌಸರಿಗೆ ಜೋಡಿಸುವ ಈ ರಕ್ಷೆ ಮೊಬೈಲಿನ ಆ್ಯಪಿನೊಳಕ್ಕೆ ತಲುಪದು. ಕಂಪ್ಯೂಟರಿನ ಮುಂದೆ ಕುಳಿತು ಉಪಾಯ ಬಲ್ಲವರು ಪಾರಾಗುವರು; ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಕುಳಿತ ತಾತನಂಥವರು, ಎಂದರೆ ನಮ್ಮ ಸೀಮೆಯ ಬಹುಜನ, ಪಾರಾಗಲಾರರು. ಅವರಿಗೆ ತೆರೆದಿರುವ ಬಾಗಿಲು ಹಣದ ಬಾಗಿಲು: 2019ರ ಮಾರ್ಚಿನಲ್ಲಿ ಭಾರತಕ್ಕೆ ಬಂದ ಯೂಟ್ಯೂಬ್ ಪ್ರೀಮಿಯಂ ತಿಂಗಳಿಗೆ 129 ರೂಪಾಯಿ ಕೊಟ್ಟವರಿಗೆ ಜಾಹೀರಾತಿಲ್ಲದ ದಾರಿಯನ್ನು ಬಿಟ್ಟುಕೊಟ್ಟಿತು. ನಾಗಲಾಪುರದ ಬಾಗಿಲಿನ ಸುಂಕವು ಇದಕ್ಕೆ ಸಮಾನವೆಂದು ತೋರಬಹುದು. ಆದರೆ ಅಲ್ಲಿ ಸುಂಕ ಕೊಡದವನು ಊರ ಹೊರಗೆ ಉಳಿಯುತ್ತಿದ್ದನು. ಇಲ್ಲಿ ಕೊಡದವನನ್ನು ಒಳಕ್ಕೆ ಕರೆದುಕೊಂಡು, ಹೆಜ್ಜೆಗೊಮ್ಮೆ ಅಡ್ಡಗಟ್ಟಿ, ಅವನ ಬೇಸರವನ್ನೇ ಸುಂಕ ವಸೂಲಿಯ ಸಾಧನವಾಗಿ ಮಾಡಿಕೊಂಡಿದ್ದಾರೆ. ಇದು ನನಗೆ ಅನ್ಯಾಯವೆಂದು ತೋರುವುದು.

ಹಾಗೆಂದು ಬೀದಿಯನ್ನು ಪೂರ್ತಿ ಬರಿದುಮಾಡಿಬಿಡಬೇಕೆ ಎಂದು ಕೇಳಿದರೆ, ಹಂಪಿಯ ಇತ್ತೀಚಿನ ಚರಿತ್ರೆ ನನ್ನನ್ನು ತಡೆಯುತ್ತದೆ. 2011ರ ಜುಲೈಯ ಕೊನೆಯಲ್ಲಿ, ನ್ಯಾಯಾಲಯದ ಆದೇಶದ ಬಲದಿಂದ, ಬಹಳ ಅಲ್ಪ ಕಾಲದ ಸೂಚನೆಯ ಮೇಲೆ ಜೆಸಿಬಿಗಳು ರಥಬೀದಿಗೆ ಇಳಿದುವು. ಕಂಬಗಳ ನಡುವೆ ಎಬ್ಬಿಸಿದ್ದ ಗೋಡೆಗಳೂ, ಮಂಟಪಗಳ ಮುಂದಕ್ಕೆ ಚಾಚಿದ್ದ ಮಾಡುಗಳೂ ಉರುಳಿ, ಮುನ್ನೂರಕ್ಕೂ ಹೆಚ್ಚು ಸಂಸಾರಗಳು ಬೀದಿಗೆ ಬಿದ್ದುವು. ಅವರಿಗೆ ಗೊತ್ತುಮಾಡಿದ ಸ್ಥಳ ಕೆಲವು ಕಿಲೋಮೀಟರು ದೂರದ ಕಡ್ಡಿರಾಂಪುರದಲ್ಲಿದ್ದಿತು. ಸ್ಮಾರಕವನ್ನು ಕಾಪಾಡುವ ಉದ್ದೇಶ ಸಾಧುವಾದುದೇ, ಬೀದಿಯ ನಡುವಿಗೆ ಅಂಗಡಿಗಳು ಒತ್ತಿಬಂದಿದ್ದುದೂ ನಿಜವೇ. ಆದರೆ ನಡುವನ್ನು ಬಿಡಿಸುವುದಕ್ಕಾಗಿ ಅಂಚನ್ನೂ ಅಳಿಸಿದರು. ಪಾಯೆಸನು ಕಂಡ ಬೀದಿ ಜನ ತುಂಬಿದ ಬೀದಿ; ಇಂದು ಜಾತ್ರೆಯ ದಿನಗಳನ್ನು ಬಿಟ್ಟರೆ ಆ ಮಂಟಪಗಳು ಖಾಲಿ ನಿಂತಿವೆ. ಎರಡನ್ನೂ ಒಟ್ಟಿಗೆ ನೆನೆದಾಗ, ಯಾವುದು ಹಂಪಿಗೆ ಹೆಚ್ಚು ಸಹಜವೆಂದು ಹೇಳುವುದು ನನಗೆ ಕಷ್ಟವಾಗುವುದಿಲ್ಲ.

ವಿಡಿಯೊದ ಲೋಕದಲ್ಲಿಯೂ ಅಂಚಿನಲ್ಲಿ ಬದುಕುವ ಬಡವರಿದ್ದಾರೆ. ಬಯಲಾಟವನ್ನು ಚಿತ್ರಿಸಿ ಹಾಕುವ ಹುಡುಗ, ಮನೆಯಿಂದಲೇ ಅಡುಗೆ ತೋರಿಸುವ ಹೆಂಗಸು, ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಷ್ಟ್ರು, ಇವರಲ್ಲಿ ಪಾಲು ಪಡೆಯಲು ಅರ್ಹರಾದವರಿಗೆ ಯೂಟ್ಯೂಬ್ ಅವರವರ ವಿಡಿಯೊದ ಮೇಲೆ ಬರುವ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 55ರಷ್ಟನ್ನು ಕೊಡುವುದು. ಬ್ಲಾಕರು ತಡೆದ ಪ್ರತಿಯೊಂದು ಜಾಹೀರಾತಿನೊಡನೆ ಅವರ ಪಾಲೂ ಹೋಗುವುದು. ಆದುದರಿಂದ ನಾನು ಆಡ್ ಬ್ಲಾಕರನ್ನು ನ್ಯಾಯವೆಂದು ಒಪ್ಪಿದರೂ ಅದನ್ನೇ ಪರಿಹಾರವೆಂದು ಭಾವಿಸಲಾರೆ. ಬೇಕಾಗಿರುವುದು ಕೇಬಲ್ ಟೆಲಿವಿಷನ್ನಿಗೆ ಎಳೆದಂಥ ಗೆರೆ, ಮತ್ತು ಅದನ್ನು ಪಾಲಿಸುವಂತೆ ಮಾಡುವ ದೃಢತೆ. ಕಾನೂನಿಗೆ ಈ ಕ್ಷೇತ್ರ ಎಟುಕದೆಂದು ಹೇಳುವಂತಿಲ್ಲ. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿ ಶಾಸನಮಾಡಿಯೇ ಮಾಡಿತು. ಅದೇ ಸಂಸತ್ತು, ಮೊಬೈಲಿನ ವಿಡಿಯೊದಲ್ಲಿಯೂ ಜಾಹೀರಾತಿಗೆ ಗಂಟೆಗಿಷ್ಟೆಂಬ ಮಿತಿಯನ್ನು ಹಾಕಲಿ. ಅದು ಆದಿಯಲ್ಲಿಯೋ ಅಂತ್ಯದಲ್ಲಿಯೋ ನಿಲ್ಲಲಿ, ಮಾತಿನ ನಡುವೆ ಬಾರದಿರಲಿ. ಅದರ ಧ್ವನಿ ಆಟದ ಧ್ವನಿಯನ್ನು ಮೀರದಿರಲಿ. ದಾಟಿಹೋಗುವ ಗುಂಡಿಯ ಮೇಲೆ ಕಂಪ್ಲಿಯ ತಾತನೂ ಓದಬಲ್ಲಷ್ಟು ದೊಡ್ಡದಾಗಿ ಕನ್ನಡದ ಅಕ್ಷರಗಳಿರಲಿ.